ಸಭೆಯ ಸೀರೆ

ನಮ್ಮ ಮನೆಯ ಪಡಸಾಲೆ ನಮ್ಮದಾಗಿರಲಿಲ್ಲ. ಅಪ್ಪ ಬಳ್ಳಾರಿಯ ಮಿಷನ್ ಕಾಂಪೌಂಡಿನ ಕನ್ನಡ ಸಭೆಗೆ ಪಾದ್ರಿ. ಸಭೆಯವರು ಯಾವ ಹೊತ್ತಿಗೆ ಬಂದರೂ ಪಾದ್ರಿಯ ಬಾಗಿಲು ತೆರೆದಿರಬೇಕು ಎಂಬ ನಿಯಮವಿದ್ದುದರಿಂದ ಹಗಲಿನಲ್ಲಿ ಅಗಳಿ ಹಾಕುವ ರೂಢಿಯೇ ನಮಗಿರಲಿಲ್ಲ. ಪಡಸಾಲೆಯ ಗೋಡೆಗುಂಟ ಒಂದು ಉದ್ದನೆಯ ಬೆಂಚು, ಎದುರಿಗೆ ಅಪ್ಪನ ಮೇಜು, ಮೇಜಿನ ಮೇಲೆ ಬಟ್ಟೆ ಹೊದಿಸಿದ ಸತ್ಯವೇದ. ಬೆಂಚಿನ ಮೇಲೆ ಯಾರಾದರೂ ಒಬ್ಬರು ಕುಳಿತೇ ಇರುತ್ತಿದ್ದರು. ಗಂಡ ಹೊಡೆದನೆಂದು ಅಳಲು ಬಂದವಳಿರಬಹುದು, ಕೂಸಿಗೆ ದೀಕ್ಷಾಸ್ನಾನ ಕೊಡಿಸಬೇಕೆಂದು ಕೇಳಲು ಬಂದವರಿರಬಹುದು, ಏನೂ ಕೆಲಸವಿಲ್ಲದೆ ನೆರಳಿಗೆ ಬಂದವರೂ ಇರಬಹುದು. ಅವ್ವ, ಅಕ್ಕ ಕರುಣ, ನಾನು ಹಿಂದಿನ ಕೋಣೆ ಮತ್ತು ಅಡುಗೆಮನೆಯಲ್ಲಿ ದನಿ ತಗ್ಗಿಸಿ ಬದುಕುತ್ತಿದ್ದೆವು. ನನಗೂ ಅಕ್ಕನಿಗೂ ಜಗಳವಾದರೆ ಅದು ಪಿಸುಮಾತಿನಲ್ಲೇ ಆಗಬೇಕು. ಪಿಸುಮಾತಿನಲ್ಲಿ ಜಗಳವಾಡಿ ನೋಡಿ, ಅಂಥ ಹಿಂಸೆ ಇನ್ನೊಂದಿಲ್ಲ. ಅಕ್ಕ ನನಗಿಂತ ಬಹಳ ದೊಡ್ಡವಳು, ನನ್ನ ತಲೆ ಬಾಚಿ ಶಾಲೆಗೆ ಕಳಿಸುತ್ತಿದ್ದವಳು ಅವಳೇ. ಆದರೂ ಜಗಳದಲ್ಲಿ ನನಗೆ ಸರಿಸಮ ನಿಲ್ಲುತ್ತಿದ್ದಳು.

ಊಟಕ್ಕೆ ಕುಳಿತರೆ, ಬಿಸಿ ಜೋಳದ ರೊಟ್ಟಿ ತಟ್ಟೆಗೆ ಬಿದ್ದ ಮೇಲೆಯೇ ಅಪ್ಪ ಪ್ರಾರ್ಥನೆ ಶುರುಮಾಡುತ್ತಿದ್ದರು. ಮೊದಲು ಸೀಮೆಯ, ಅಂದರೆ ಇಂಗ್ಲೆಂಡಿನ, ಅರಸನಿಗಾಗಿ, ಆಮೇಲೆ ಮದ್ರಾಸಿನ ಸರ್ಕಾರಕ್ಕಾಗಿ, ಆಮೇಲೆ ಸಭೆಯ ರೋಗಿಗಳ ಹೆಸರು ಒಬ್ಬೊಬ್ಬರದಾಗಿ. ಆಮೆನ್ ಅನ್ನುವ ಹೊತ್ತಿಗೆ ರೊಟ್ಟಿ ಹಪ್ಪಳದಂತೆ ಬಿರುಸಾಗಿ, ಪುಂಡಿಪಲ್ಯದ ಮೇಲಿನ ಎಣ್ಣೆ ಕೆನೆಗಟ್ಟಿರುತ್ತಿತ್ತು. ಸ್ವಾತಂತ್ರ್ಯ ಬಂದಾಗ ಅರಸನ ಹೆಸರು ಬಿಟ್ಟುಹೋಯಿತು. ಪ್ರಾರ್ಥನೆ ಮಾತ್ರ ಗಿಡ್ಡವಾಗಲಿಲ್ಲ, ಏಕೆಂದರೆ ಅರಸನ ಜಾಗಕ್ಕೆ ಮಂತ್ರಿಗಳು ಬಂದರು, ಅವರು ಬಹಳ ಮಂದಿ ಇದ್ದರು. ಬೇಸಿಗೆಯಲ್ಲಿ ಗುಡ್ಡದ ಬಂಡೆಗಳು ಹಗಲೆಲ್ಲ ಕಾದು ಸಂಜೆಗೆ ಝಳ ಬಿಡುತ್ತಿದ್ದವು. ನಮ್ಮ ಕಾಂಪೌಂಡಿನ ಕಲ್ಲಿನ ಗೋಡೆಯೂ ಹಾಗೆಯೇ. ಸಂಜೆ ಗಂಟೆ ಬಾರಿಸಿದರೆ ಗೇಟು ಹಾಕುತ್ತಿದ್ದರು. ಗೋಡೆಯಾಚೆ ಸಂತೆಯಿಂದ ಮರಳುವ ಗಾಡಿಗಳ ಸದ್ದು, ಯಾರೋ ನಗುವ ಸದ್ದು ಕೇಳುತ್ತಿತ್ತು. ನಾವು ಬೇವಿನ ಮರದ ಕೆಳಗೆ ಕುಳಿತು ಯಾರು ನಕ್ಕಿರಬಹುದು ಎಂದು ಊಹಿಸುತ್ತಿದ್ದೆವು. ಆ ಗೋಡೆಯ ಒಳಗೆ ನನಗೆ ಉಸಿರು ಕಟ್ಟುತ್ತಿತ್ತು. ಹೊರಗೆ ಹೋದರೂ ಉಸಿರು ಸಲೀಸಾಗುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ಸತ್ಯನಾರಾಯಣಪೇಟೆಯ ನನ್ನ ಗೆಳತಿಯೊಬ್ಬಳು ಒಂದು ದಿನ ಶಾಲೆಯಲ್ಲಿ, ನಿಮ್ಮ ತಂದೆ ಯಾವಾಗ ತೀರಿಹೋದರು ಎಂದು ಬಹಳ ಕನಿಕರದಿಂದ ಕೇಳಿದಳು. ಅವ್ವನನ್ನು ಅವಳು ಗೇಟಿನ ಬಳಿ ನೋಡಿದ್ದಳು.

ನಮ್ಮ ಹೆಂಗಸರ ಹಣೆ ಬರಿದಾಗಿರಬೇಕು, ತಲೆಗೆ ಹೂವಿಲ್ಲ, ಮೈಗೆ ಅರಿಶಿನವಿಲ್ಲ. ಇವೆಲ್ಲ ಹಳೆಯ ದೊರೆಗಳು, ಅಂದರೆ ಸೀಮೆಯಿಂದ ಬಂದ ಪಾದ್ರಿಗಳು ಮಾಡಿಟ್ಟ ಕಟ್ಟಳೆಗಳು. ಅವ್ವನ ತವರು ಕುರುಗೋಡು. ಒಮ್ಮೆ ಅಲ್ಲಿಗೆ ಬಸ್ಸಿನಲ್ಲಿ ಹೋಗುವಾಗ ಹಸಿರು ಬಳೆ ತೊಟ್ಟ ಹೊಸ ಮದುಮಗಳೊಬ್ಬಳು ಅವ್ವನ ಪಕ್ಕ ಬಂದು ಕುಳಿತಳು. ಅವಳ ಅತ್ತೆ ಹಿಂದಿನಿಂದ ನೋಡಿ, ಒಂದು ಮಾತೂ ಆಡದೆ, ಹುಡುಗಿಯ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬೇರೆ ಕಡೆ ಕೂರಿಸಿದಳು. ಅಕ್ಕ ತಲೆ ತಗ್ಗಿಸಿದಳು. ಬಸ್ಸಿಳಿದ ಮೇಲೆ ಅವ್ವ ನಮ್ಮಿಬ್ಬರ ಮುಖ ನೋಡಿ ನಕ್ಕಳು.

“ನಿಮ್ಮಪ್ಪ ಗಟ್ಟಿಮುಟ್ಟ ಅದಾರ ಅಂತ ಬಸ್ಸಿನ್ಯಾಗ ಎಲ್ಲಾರಿಗೂ ಸಾರಿಕೋಂತ ಹೋಗ್ಲೇನು?”

ನಕ್ಕಳೇನೋ ಸರಿ. ಮರಳಿ ಬರುವಾಗ ಬಳ್ಳಾರಿ ಮುಟ್ಟುವವರೆಗೂ ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು ಕುಳಿತಿದ್ದಳು.

ಈ ಕಟ್ಟಳೆಗಳಲ್ಲೆಲ್ಲ ದೊಡ್ಡದು ಸಭೆಯ ಸೀರೆ. ನಾನು ಹುಟ್ಟುವ ಮೊದಲು ಇದ್ದ ದೊರೆಸಾನಿಯೊಬ್ಬಳು ಮದ್ರಾಸಿನಿಂದ ಒಂದು ಬಿಳಿ ರೇಷ್ಮೆ ಸೀರೆ ತರಿಸಿದ್ದಳಂತೆ. ಅಂಚೂ ಬಿಳಿ, ಸೆರಗೂ ಬಿಳಿ. ಸಭೆಯಲ್ಲಿ ಯಾರ ಮದುವೆಯಾದರೂ ಮದುಮಗಳು ಆ ಒಂದೇ ಸೀರೆ ಉಡಬೇಕು, ಗಂಡನ ಮನೆ ಹೊಗುವವರೆಗೂ ಅದರಲ್ಲೇ ಇರಬೇಕು. ಅವಳ ಉದ್ದೇಶ ಕೆಟ್ಟದ್ದಲ್ಲ, ನಾನು ಹಾಗೆ ಹೇಳುವುದಿಲ್ಲ. ಮದುವೆಗೆ ಸಾಲ ಮಾಡಿ ಮನೆ ಮುಳುಗಿಸಿಕೊಳ್ಳುವ ಕೂಲಿಯವರನ್ನು ಅವಳು ನೋಡಿದ್ದಳು. ಮೇಷ್ಟರ ಮಗಳಾಗಲಿ, ಹೊಲದಲ್ಲಿ ಕಳೆ ಕೀಳುವವಳ ಮಗಳಾಗಲಿ ಸಭೆಯ ಮುಂದೆ ಒಂದೇ ಬಟ್ಟೆಯಲ್ಲಿ ನಿಲ್ಲಲಿ ಎಂಬುದು ಅವಳ ಆಸೆ. ಗಿಡ್ಡ ಹುಡುಗಿಯರು ಅದನ್ನು ಸೊಂಟದಲ್ಲಿ ಮಡಚಿ ಮಡಚಿ ಸಿಕ್ಕಿಸಿಕೊಳ್ಳುತ್ತಿದ್ದರು, ದಪ್ಪಗಿದ್ದವರಿಗೆ ನೆರಿಗೆ ಸಾಲುತ್ತಿರಲಿಲ್ಲ. ಮದುವೆಯ ಹಿಂದಿನ ದಿನ ಮದುಮಗಳೇ ಅದನ್ನು ಕಾಂಪೌಂಡಿನ ನಲ್ಲಿಯ ಬಳಿ ಸೋಪು ಹಚ್ಚಿ ಒಗೆಯಬೇಕು. ಸುತ್ತ ಹೆಂಗಸರು ನಿಂತು, ಕಡುಕೆಂಪಾದ ಪಾಪ ಹಿಮದಂತೆ ಬೆಳ್ಳಗಾಗಲಿ ಎಂಬ ಅರ್ಥದ ಕೀರ್ತನೆ ಹಾಡುತ್ತಿದ್ದರು. ಬಳ್ಳಾರಿಯಲ್ಲಿ ಹಿಮ ಕಂಡವರು ಯಾರೂ ಇರಲಿಲ್ಲ, ಆದರೂ ಭಕ್ತಿಯಿಂದ ಹಾಡುತ್ತಿದ್ದರು. ಆ ಸೀರೆಯನ್ನು ಕಾಯುವ ಹೊಣೆ ಸಭೆಯ ಹಿರಿಯರಾದ ಸಾಲೊಮೋನಪ್ಪನವರದು. ಮಿಷನ್ ಶಾಲೆಯಲ್ಲಿ ಹೆಡ್‌ಮಾಸ್ತರಾಗಿದ್ದು ನಿವೃತ್ತರಾದವರು. ಮೆತ್ತಗೆ ಮಾತಾಡುತ್ತಿದ್ದರು, ಅವರ ಮೆತ್ತನೆಯ ಮಾತಿಗೆ ಅಪ್ಪ ಕೂಡ ಹೆದರುತ್ತಿದ್ದರು.

ಕೊನೆಯ ದೊರೆ ಊರಿಗೆ ಹೋದ ಮೇಲೆ ಎಲ್ಲ ಸಡಿಲವಾಗುತ್ತದೆಂದು ನಾನು ತಿಳಿದಿದ್ದೆ. ಆದದ್ದು ತಿರುಗಾಮುರುಗಾ. ದೊರೆ ಇದ್ದಾಗ ಅವನನ್ನು ಕೇಳಿ ಅಷ್ಟಿಷ್ಟು ಬದಲಾಯಿಸಬಹುದಿತ್ತು. ಅವನು ಹಡಗು ಹತ್ತಿದ ಮೇಲೆ ಕಟ್ಟಳೆಗಳಿಗೆ ಬೇರು ಬಂತು. ಕಟ್ಟಿದವರು ಇಲ್ಲ, ಬಿಚ್ಚುವ ಅಧಿಕಾರ ತಮಗಿದೆ ಎಂದು ಇಲ್ಲಿಯವರು ಯಾರೂ ನಂಬಲೊಲ್ಲರು. ಅಪ್ಪನನ್ನು ಏನು ಕೇಳಿದರೂ ನಿಯಮ ನನ್ನದಲ್ಲ ಎನ್ನುತ್ತಿದ್ದರು. ಸಾಲೊಮೋನಪ್ಪನವರನ್ನು ಕೇಳಿದರೆ ಅವರೂ ಅದನ್ನೇ ಹೇಳುತ್ತಿದ್ದರು. ಯಾರದೂ ಅಲ್ಲದ ನಿಯಮವನ್ನು ಎಲ್ಲರೂ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಿದ್ದರು.

ಆ ಹೊತ್ತಿಗೆ ಅಕ್ಕನ ಮದುವೆ ಗೊತ್ತಾಯಿತು. ಹುಡುಗ ದೇವದಾನ, ಸಿರುಗುಪ್ಪದವನು. ನಮ್ಮ ಕಾಂಪೌಂಡಿನ ಬೋರ್ಡಿಂಗಿನಲ್ಲೇ ಓದಿ, ಹಳ್ಳಿಯ ಮಿಷನ್ ಶಾಲೆಯಲ್ಲಿ ಮೇಷ್ಟರಾಗಿದ್ದ. ದೊರೆಗಳು ಹೋದ ಮೇಲೆ ಹಳ್ಳಿಯ ಶಾಲೆಗಳು ಒಂದೊಂದೇ ಮುಚ್ಚಿದವು. ಅವನು ಸಿರುಗುಪ್ಪದ ಬೋರ್ಡ್ ಶಾಲೆಗೆ ಸೇರಿಕೊಂಡು, ಕೇರಿ ಬಿಟ್ಟು ಪೇಟೆಯಲ್ಲಿ ಒಬ್ಬ ಹಿಂದೂ ಹೆಂಗಸಿನ ಮನೆಯ ಹಿಂಭಾಗವನ್ನು ಬಾಡಿಗೆಗೆ ಹಿಡಿದಿದ್ದ. ನಮ್ಮವರಿಗೆ ಪೇಟೆಯಲ್ಲಿ ಮನೆ ಸಿಗುವುದು ಆಗ ಸಣ್ಣ ಸಂಗತಿಯಲ್ಲ. ಅವನು ಅಪ್ಪನನ್ನು ನೋಡಲು ಬಂದು ಬೆಂಚಿನ ಮೇಲೆ ಕುಳಿತಾಗ ಕೇಳದಿದ್ದರೂ ಅಕ್ಕ ನೀರು ತಂದುಕೊಟ್ಟು, ಲೋಟ ವಾಪಸು ಪಡೆಯಲು ಅಲ್ಲೇ ನಿಲ್ಲುತ್ತಿದ್ದಳು. ಅವನು ನೀರನ್ನು ಬಹಳ ನಿಧಾನವಾಗಿ ಕುಡಿಯುತ್ತಿದ್ದ. ಒಮ್ಮೆ ನನಗೆ ಎಣ್ಣೆ ಹಚ್ಚುತ್ತ ಅಕ್ಕ, ಆ ಮನೆಯ ಬಾಗಿಲಿಗೆ ಒಳಗಿನಿಂದ ಅಗಳಿ ಇದೆಯಂತೆ ಎಂದಳು. ಅವಳು ಮದುವೆಯ ಬಗ್ಗೆ ನನ್ನ ಹತ್ತಿರ ಆಡಿದ ಮಾತು ಅದೊಂದೇ. ಅವಳ ಮುಖದಲ್ಲಿ ಅಂಥ ಸುಖವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮದುವೆಗೆ ಇನ್ನೂ ಕೆಲವು ದಿನವಿರುವಾಗ, ನಾನೂ ಅಕ್ಕನೂ ಮನೆಯಲ್ಲಿಲ್ಲದ ಹೊತ್ತು, ದೇವದಾನನ ತಾಯಿ ಎಸ್ತೇರಮ್ಮ ಸಿರುಗುಪ್ಪದಿಂದ ಬಸ್ಸಿನಲ್ಲಿ ಬಂದಳು. ಗದ್ದೆಯಲ್ಲಿ ನಾಟಿ ಹಚ್ಚಿ ಮಗನನ್ನು ಓದಿಸಿದವಳು. ಬೆಂಚಿನ ಮೇಲೆ ಕೂರದೆ ನೇರ ಅಡುಗೆಮನೆಗೆ ಬಂದು ಒಲೆಯ ಮುಂದೆ ಕುಳಿತಳಂತೆ. ಅವಳಾಡಿದ್ದನ್ನು ಅವ್ವ ನಮಗೆ ಎಷ್ಟು ಸಲ ಹೇಳಿದ್ದಾಳೆಂದರೆ ಆ ದನಿ ನಾನೇ ಕೇಳಿದ ಹಾಗಿದೆ.

“ಅಮ್ಮಾರ, ನಾ ನಮ್ಮ ದ್ಯಾವ್ರನ್ನ ಬಿಟ್ಟು ಬ್ಯಾರೆ ದ್ಯಾವ್ರನ್ನ ಕೇಳಾಕ ಬಂದಿಲ್ರಿ. ಒಂದು ಬಣ್ಣ ಕೇಳಾಕ ಬಂದೀನಿ. ಮನಿ ಕೊಟ್ಟಾಕಿ ಹೊಸ ಸೊಸಿಗೆ ತಾನಾ ಆರತಿ ಹಿಡಿತೀನಿ ಅಂದಾಳ. ಬಿಳಿ ಸೀರಿ ಉಟ್ಟಾಕಿನ್ನ ಆಕಿ ಬಾಗಲದಾಗ ಹೆಂಗ ನಿಂದ್ರಸ್ಲಿ?”

ಅವ್ವ ಪಡಸಾಲೆಗೆ ಹೋಗಿ ಅಪ್ಪನನ್ನು ಕೇಳಿದಳು. ಅಪ್ಪ ನಿಯಮ ನನ್ನದಲ್ಲ ಎಂದರು. ಇಬ್ಬರು ಹೆಂಗಸರೂ ಒಲೆಯ ಮುಂದೆ ಕುಳಿತು ದಾರಿ ಹುಡುಕಿದರು. ಸೆರಗಿನ ಒಳತುದಿಗೆ, ಯಾರಿಗೂ ಕಾಣದ ಕಡೆ, ಒಂದಿಷ್ಟು ಅರಿಶಿನ. ಸಿರುಗುಪ್ಪದಲ್ಲಿ ಬಸ್ಸಿಳಿದ ಮೇಲೆ ಸೆರಗಿನ ಆ ತುದಿಯನ್ನು ಹೊರಗೆ ಕಾಣುವಂತೆ ಹೊದ್ದುಕೊಂಡರೆ ಮದುಮಗಳ ಬಟ್ಟೆಯೆಂದು ಆ ಮನೆಯವಳಿಗೆ ತಿಳಿಯುತ್ತದೆ. ಸೀರೆಯ ಪೆಟ್ಟಿಗೆ ಆಗಲೇ ನಮ್ಮ ಮನೆಗೆ ಬಂದಿತ್ತು. ಎಸ್ತೇರಮ್ಮ ಅಡುಗೆಯ ಡಬ್ಬಿಯ ಅರಿಶಿನವನ್ನೇ ನೀರಲ್ಲಿ ಕಲಸಿ ಹಚ್ಚಿದಳು. ಸಾರಿಗೆ ಹಾಕಿದರೆ ಪಾಪವಲ್ಲದ ಅರಿಶಿನ ಸೆರಗಿಗೆ ತಾಗಿದರೆ ಹೇಗೆ ಪಾಪವಾಗುತ್ತದೆ ಎಂದು ನಾನು ಆಮೇಲೆ ಎಷ್ಟೋ ದೊಡ್ಡವರನ್ನು ಕೇಳಿ ಬೈಸಿಕೊಂಡಿದ್ದೇನೆ. ನಲ್ಲಿಯ ಶಾಸ್ತ್ರದ ದಿನ ಸೆರಗನ್ನು ತಾನೇ ಕೈಯಲ್ಲಿ ಹಿಡಿದು, ಆ ತುದಿಗೆ ಸೋಪು ಸೋಂಕದಂತೆ ನೋಡಿಕೊಳ್ಳುವುದೆಂದು ಅವ್ವ ಲೆಕ್ಕ ಹಾಕಿದ್ದಳು. ಅಕ್ಕನಿಗೆ ಹೇಳಲಿಲ್ಲ. ಹೇಳಿದರೆ ಅವಳು ಹೆದರಿ ಅಪ್ಪನ ಮುಂದೆ ಬಾಯಿಬಿಟ್ಟಾಳು ಎಂದು ಸುಮ್ಮನಾದಳು.

ಮದುವೆಯ ಹಿಂದಿನ ದಿನ ಅವ್ವ ಹಿಟ್ಟು ಬೀಸಿಸಲು ಗಿರಣಿಗೆ ಹೋದಳು. ಗಿರಣಿಯಲ್ಲಿ ಗದ್ದಲ, ತಡವಾಯಿತು. ಅಷ್ಟರಲ್ಲಿ ಸಾಲೊಮೋನಪ್ಪನವರ ಹೆಂಡತಿ ಕಾಂಪೌಂಡಿನ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು, ಬಿಸಿಲು ಇಳಿಯುವ ಮೊದಲು ಸೀರೆ ಒಣಗಬೇಕೆಂದು ಅಕ್ಕನನ್ನು ಎಬ್ಬಿಸಿದಳು. ಅಕ್ಕ ನಗುತ್ತ ಪೆಟ್ಟಿಗೆ ಎತ್ತಿಕೊಂಡು ಹೋದಳು. ನಾನು ಹಿಂದೆ ಓಡಿದೆ. ಹಾಡು ಶುರುವಾಯಿತು. ಅಕ್ಕ ಸೀರೆಯನ್ನು ಕಲ್ಲಿನ ಮೇಲೆ ಹರಡಿ ಸೋಪು ಹಚ್ಚಿ ಉಜ್ಜತೊಡಗಿದಳು. ಅರಿಶಿನಕ್ಕೆ ಸೋಪು ತಾಗಿದರೆ ಏನಾಗುತ್ತದೆ ಎಂದು ಅಡುಗೆ ಮಾಡುವ ಎಲ್ಲ ಹೆಂಗಸರಿಗೂ ಗೊತ್ತು. ಸೆರಗಿನ ತುದಿ ಅವಳ ಕೈಯಲ್ಲೇ ಕೆಂಪಾಯಿತು. ಕುಂಕುಮದಂಥ ಕೆಂಪು. ಅವಳು ಗಾಬರಿಯಾಗಿ ಇನ್ನಷ್ಟು ಸೋಪು ಹಚ್ಚಿದಳು, ಅದು ಇನ್ನಷ್ಟು ಕೆಂಪಾಗಿ ಪಕ್ಕಕ್ಕೆ ಹರಡಿತು. ಹಾಡು ಒಂದೊಂದೇ ಬಾಯಿಂದ ನಿಂತುಹೋಯಿತು. ಕೊನೆಗೆ ಕಣ್ಣು ಮಂಜಾದ ಒಬ್ಬ ಮುದುಕಿ ಮಾತ್ರ ಹಾಡುತ್ತಿದ್ದಳು. ಅಕ್ಕ ತನ್ನ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಎಲ್ಲಾದರೂ ಗಾಯವಾಗಿದೆಯೋ ಎಂದು.

ಅಂದು ಸಂಜೆ ಹಿರಿಯರೆಲ್ಲ ನಮ್ಮ ಪಡಸಾಲೆಯ ಬೆಂಚಿನ ಮೇಲೆ ಕುಳಿತರು. ಯಾರೂ ಕೂಗಾಡಲಿಲ್ಲ. ಅವ್ವ ತಾನೇ ಮಾಡಿಸಿದ್ದು ಎಂದು ಮೊದಲೇ ಒಪ್ಪಿಕೊಂಡಿದ್ದಳು. ಸಾಲೊಮೋನಪ್ಪನವರು, ಪಾದ್ರಿಯ ಮನೆಯಲ್ಲೇ ಹೀಗಾದರೆ ಕೇರಿಯವರಿಗೆ ನಾವು ಏನು ಹೇಳೋಣ, ದೊರೆಗಳು ಹೋದೊಡನೆ ನಾವು ಹದಗೆಟ್ಟೆವು ಎಂದು ಅವರು ಅನ್ನುವುದಿಲ್ಲವೇ ಎಂದು ಬಹಳ ವಿನಯದಿಂದ ಕೇಳಿದರು. ಅಮ್ಮನವರು ಭಾನುವಾರ ಸಭೆಯ ಮುಂದೆ ನಿಂತು ತಪ್ಪೊಪ್ಪಿಕೊಳ್ಳಲಿ, ಮದುವೆ ಅಲ್ಲಿಯವರೆಗೆ ನಿಲ್ಲಲಿ, ಸೀರೆ ಬಿಳಿಯಾದ ಮೇಲೆ ಮಾಡೋಣ ಎಂದರು. ತೀರ್ಮಾನ ಹೇಳಬೇಕಾದವರು ಅಪ್ಪ. ಅಡುಗೆಮನೆಯ ಪರದೆಯ ಹಿಂದೆ ನಾವು ಮೂವರೂ ನಿಂತಿದ್ದೆವು. ಅಪ್ಪ ಬಹಳ ಹೊತ್ತು ಸತ್ಯವೇದದ ಮೇಲಿನ ಬಟ್ಟೆಯನ್ನು ಸರಿಪಡಿಸುತ್ತ ಕುಳಿತು, ಆಗಲಿ ಎಂದರು.

ಭಾನುವಾರ ಅವ್ವ ತಲೆಯ ಮೇಲೆ ಸೆರಗು ಹೊದ್ದು ಎಲ್ಲರ ಮುಂದೆ ನಿಂತಳು. ಹೇಳಿಕೊಟ್ಟ ಮಾತನ್ನು ಒಂದಕ್ಷರ ಬಿಡದೆ ಒಪ್ಪಿಸಿದಳು. ಅಪ್ಪ ಪೀಠದ ಮೇಲಿನಿಂದ ತಮ್ಮ ಹೆಂಡತಿಯನ್ನು ಸಹೋದರಿ ಎಂದು ಕರೆದು, ಸಭೆ ನಿನ್ನನ್ನು ಕ್ಷಮಿಸಿದೆ ಎಂದರು. ನನಗೆ ಅಪ್ಪನ ಮೇಲೆ ಅಂಥ ಸಿಟ್ಟು ಬಂದದ್ದು ಅದೇ ಮೊದಲು. ಆ ದಿನದಿಂದ ಅವ್ವ ಅವರೊಡನೆ ನೇರವಾಗಿ ಮಾತಾಡುವುದನ್ನು ಬಿಟ್ಟಳು. ಅವರಿಗೆ ಕೇಳಿಸುವಷ್ಟು ದೂರದಲ್ಲೇ ನಿಂತು, ನಿಮ್ಮಪ್ಪನಿಗೆ ಇನ್ನೊಂದು ರೊಟ್ಟಿ ಬೇಕೇನು ಕೇಳು ಎಂದು ನನ್ನ ಕಡೆ ತಿರುಗುತ್ತಿದ್ದಳು. ಅಪ್ಪನೂ ಬೇಕೆಂದು ನನಗೇ ಹೇಳುತ್ತಿದ್ದರು.

ಮಾರನೆಯ ದಿನ ಎಸ್ತೇರಮ್ಮ ಬಂದಳು. ಸುದ್ದಿ ಸಿರುಗುಪ್ಪಕ್ಕೆ ಮುಟ್ಟಿತ್ತು. ಈ ಸಲ ಅಡುಗೆಮನೆಗೆ ಬರಲಿಲ್ಲ, ಪಡಸಾಲೆಯಲ್ಲಿ ಅಪ್ಪನ ಎದುರು ನಿಂತಳು.

“ನಾ ಹಚ್ಚಿದ ಅರಿಶಿನಕ್ಕ ಅಮ್ಮಾರನ್ನ ನಿಂದ್ರಿಸಿ ತಪ್ಪು ಒಪ್ಪಸೀರಿ. ಹಂಗಾದ್ರ ನನ್ನ ಕೈ ಹೊಲಸೇನ್ರಿ? ಬಿಳಿ ಸೀರ್ಯಾಗ ನಾ ಕರ್ಕೊಂಡು ಹೋಗಂಗಿಲ್ಲ. ಸಿರುಗುಪ್ಪಕ್ಕ ಬರ್ರಿ, ಅಲ್ಲೇ ಪ್ರಾರ್ಥನಿ ಮಾಡಿ ಮದುವಿ ಮಾಡೂಣು. ನೀವು ಅಯ್ಯನೋರಾಗಿ ಬರಬ್ಯಾಡ್ರಿ, ತಂದಿ ಆಗಿ ಬರ್ರಿ.”

ಆಗ ಅಕ್ಕ ಪರದೆ ಸರಿಸಿ ಹೊರಗೆ ಬಂದಳು. ಬೆಂಚಿನ ಮೇಲೆ ಜನರಿರುವಾಗ ಅವಳು ಕೈಯಲ್ಲಿ ನೀರಿನ ಲೋಟವಿಲ್ಲದೆ ಹಾಗೆ ಬಂದದ್ದು ನಾನು ನೋಡಿದ್ದೇ ಇಲ್ಲ. ಅವಳು ಪಿಸುಗುಟ್ಟಲೂ ಇಲ್ಲ.

“ಅಪ್ಪಾ, ನನಗ ಬಿಳೀದೂ ನಡೀತೈತಿ, ಕೆಂಪೂ ನಡೀತೈತಿ. ನನ್ನ ಹೋಗಾಕ ಬಿಡ್ರಿ.”

ಅಪ್ಪ ಎದ್ದು ಚಪ್ಪಲಿ ಮೆಟ್ಟಿ ಚರ್ಚಿನ ಕಡೆ ನಡೆದುಬಿಟ್ಟರು. ಒಳಗೆ ಹೋಗಿ ಕುಳಿತರು. ಎಸ್ತೇರಮ್ಮ ಕಾದಳು. ಕೊನೆಯ ಬಸ್ಸಿನ ಹೊತ್ತಾದ ಮೇಲೆ ಅಕ್ಕನ ಗಲ್ಲ ಸವರಿ ಹೊರಟುಹೋದಳು. ಬೇಡವೆಂದು ಯಾರೂ ಹೇಳಲಿಲ್ಲ. ಆದರೂ ಎಲ್ಲರಿಗೂ ತಿಳಿಯಿತು. ಮುಂದಿನ ಸುಗ್ಗಿಯ ಹೊತ್ತಿಗೆ ದೇವದಾನನ ಮದುವೆ ಬೇರೆ ಕಡೆ ಆಯಿತು.

ಅಕ್ಕ ಕಾಂಪೌಂಡಿನ ಹೆಣ್ಣುಮಕ್ಕಳ ಶಾಲೆಗೇ ಟೀಚರಾದಳು. ಮನೆಯಿಂದ ಶಾಲೆಗೆ, ಶಾಲೆಯಿಂದ ಚರ್ಚಿಗೆ, ಎಲ್ಲವೂ ಅದೇ ಗೋಡೆಯ ಒಳಗೆ. ಗೇಟಿನ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದಳು. ಆ ಮೇಲೆ ಬಂದ ಒಂದೆರಡು ಸಂಬಂಧಗಳನ್ನು ಅವಳೇ ಬೇಡವೆಂದಳು. ನನ್ನ ಮೇಲೆ ಪ್ರೀತಿ ಕಡಿಮೆಯಾಗಲಿಲ್ಲ, ಜಗಳ ಮಾತ್ರ ನಿಂತುಹೋಯಿತು. ನಾನು ಬೇಕೆಂದೇ ಕೆಣಕಿದರೂ, ಹೌದಬೇ ನೀನು ಹೇಳಿದ್ದೇ ಸರಿ ಎಂದು ಸುಮ್ಮನಾಗುತ್ತಿದ್ದಳು. ಅದನ್ನು ಸಹಿಸುವುದು ಪಿಸುಮಾತಿನ ಜಗಳಕ್ಕಿಂತ ಕಷ್ಟವಾಗಿತ್ತು.

ಸಭೆ ಕಾಲಕ್ಕೆ ತಕ್ಕಂತೆ ಹೇಗೆ ಬದಲಾಗಬೇಕು ಎಂದು ಈಗಿನ ಎಳೆಯ ಪಾದ್ರಿಗಳು ಬಹಳ ಚೆನ್ನಾಗಿ ಮಾತಾಡುತ್ತಾರೆ. ನಾನು ಮುಂದಿನ ಸಾಲಿನಲ್ಲಿ ಕುಳಿತು ತಲೆಯಾಡಿಸುತ್ತೇನೆ. ಬದಲಾಗಬೇಕು, ಖಂಡಿತ ಬದಲಾಗಬೇಕು. ಆದರೆ ನಾನು ಕಂಡ ಬದಲಾವಣೆ ಭಾಷಣದಿಂದ ಬರಲಿಲ್ಲ, ತೀರ್ಮಾನದಿಂದಲೂ ಬರಲಿಲ್ಲ. ಬಳ್ಳಾರಿ ಮದ್ರಾಸಿನಲ್ಲಿ ಉಳಿಯಬೇಕೋ ಮೈಸೂರಿಗೆ ಸೇರಬೇಕೋ ಎಂದು ಊರೆಲ್ಲ ಜಗಳವಾಡುತ್ತಿದ್ದ ದಿನಗಳು. ಸಾಲೊಮೋನಪ್ಪನವರ ಮೊಮ್ಮಗಳಿಗೆ ರೈಲ್ವೆಯಲ್ಲಿ ಕೆಲಸವಿದ್ದ ಹುಡುಗ ಗೊತ್ತಾದ. ಗಾಂಧಿನಗರದ ನೆಂಟರಿಷ್ಟರು, ಹುಡುಗನ ಆಫೀಸಿನವರು ಎಲ್ಲ ಬರುವವರಿದ್ದರು. ಸಾಲೊಮೋನಪ್ಪನವರು ಒಂದು ಸಂಜೆ ಬಂದು ಅದೇ ಬೆಂಚಿನ ಮೇಲೆ ಕುಳಿತು, ಅದೇ ಮೆತ್ತನೆಯ ದನಿಯಲ್ಲಿ, ಹುಡುಗನ ಕಡೆಯವರು ಬಣ್ಣದ ಸೀರೆ ತಂದಿದ್ದಾರೆ, ಕಾಲ ಬದಲಾಗಿದೆ, ಬೇಡವೆಂದರೆ ಚೆನ್ನಾಗಿ ಕಾಣಿಸುವುದಿಲ್ಲ ಎಂದರು. ಅಪ್ಪ ಅವರ ಮುಖವನ್ನೇ ನೋಡುತ್ತಿದ್ದು, ಕೊನೆಗೆ ಆಗಲಿ ಎಂದರು. ಇಷ್ಟೇ. ಹಿರಿಯರು ಕೂಡಲಿಲ್ಲ, ಯಾರೂ ಯಾರನ್ನೂ ಕೇಳಲಿಲ್ಲ. ಅಷ್ಟು ಭಾರವಾಗಿದ್ದ ಕಟ್ಟಳೆ ಒಂದು ಲೋಟ ಚಹಾ ಮುಗಿಯುವುದರೊಳಗೆ ಎದ್ದುಹೋಯಿತು.

ಮದುವೆಯ ದಿನ ಹುಡುಗಿ ಕೆಂಪು ಧರ್ಮಾವರಂ ಸೀರೆ ಉಟ್ಟು, ತಲೆಗೆ ಮಲ್ಲಿಗೆ ಮುಡಿದು ಬಂದಳು. ಹೆಂಗಸರ ಸಾಲಿನಲ್ಲಿ ಒಂದು ಗಾಳಿ ಬೀಸಿದಂತಾಯಿತು. ಎಲ್ಲರೂ ಕತ್ತು ಚಾಚಿ ನೋಡಿದರು, ಮುದುಕಿಯರು ಕೂಡ. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಇನ್ನು ಮುಂದೆ ನಮ್ಮ ಹುಡುಗಿಯರು ಯಾವ ಬಸ್ಸಿನಲ್ಲಾದರೂ ತಲೆ ಎತ್ತಿ ಕೂರಬಹುದಿತ್ತು. ಮರುಗಳಿಗೆ ಪಕ್ಕದಲ್ಲಿ ಕುಳಿತ ಅಕ್ಕನನ್ನು ನೋಡಿದೆ. ಅವಳೂ ಎಲ್ಲರಂತೆ ಕತ್ತು ಚಾಚಿ ನೋಡುತ್ತಿದ್ದಳು, ಅವಳ ಕಣ್ಣಿನಲ್ಲೂ ಮೆಚ್ಚುಗೆಯೇ ಇತ್ತು.

ಅಪ್ಪ ಆರಾಧನೆಯ ಪುಸ್ತಕ ತೆರೆದು, ಈ ಮದುವೆಗೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗ ಹೇಳಬೇಕು, ಇಲ್ಲವಾದರೆ ಎಂದೆಂದಿಗೂ ಸುಮ್ಮನಿರಬೇಕು ಎಂದು ಓದಿದರು. ಎಲ್ಲ ಮದುವೆಗಳಲ್ಲೂ ಓದುವ ಮಾತು. ಯಾರೂ ಉತ್ತರ ಕೊಡುವುದಿಲ್ಲ, ಪಾದ್ರಿಯೂ ಉತ್ತರಕ್ಕೆ ಕಾಯುವುದಿಲ್ಲ. ಅವ್ವ ಎದ್ದು ನಿಂತಳು. ಅಕ್ಕ ಗಾಬರಿಯಿಂದ ಅವಳ ಸೆರಗು ಹಿಡಿದು ಕೆಳಕ್ಕೆ ಎಳೆದಳು. ಅವ್ವ ಕೂರಲಿಲ್ಲ. ಸಾಲೊಮೋನಪ್ಪನವರು ತಿರುಗಿ ನೋಡಿದರು. ಅಪ್ಪ ಪುಸ್ತಕದಿಂದ ತಲೆ ಎತ್ತಿದರು. ಅಷ್ಟು ವರ್ಷಗಳ ಮೇಲೆ ಅವ್ವ ಅವರ ಮುಖ ನೋಡಿ ಮಾತಾಡಿದಳು.

“ಆಕ್ಷೇಪಣಿ ಏನೂ ಇಲ್ರಿ, ಅಯ್ಯನೋರ. ಹುಡುಗಿ ಛಂದ ಕಾಣಸ್ತಾಳ, ಛಂದಾಗಿ ಬಾಳ್ಲಿ. ನನ್ನ ಮಗಳೂ ಹಿಂಗಾ ಕಾಣಸ್ತಿದ್ಲು. ಅದನ್ನ ಸಭಿ ಮುಂದ ಹೇಳಬೇಕಿತ್ತು.”

ಅಪ್ಪ ಪುಸ್ತಕ ನೋಡಿದರು. ಮುಂದೆ ಓದಬೇಕಾದ ಸಾಲನ್ನು ಅವರ ಬೆರಳು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಆರಾಧನೆಯ ನಡುವೆ ಪುಸ್ತಕದಲ್ಲಿಲ್ಲದ ಒಂದು ಮಾತನ್ನೂ ಎಂದೂ ಆಡದವರು ಅವರು.

“ಖರೆ ಐತಿ,” ಎಂದರು.

ಅಲ್ಲಿಯವರೆಗೂ ಅವ್ವನ ಸೆರಗು ಜಗ್ಗುತ್ತಿದ್ದ ಅಕ್ಕ ಆಗ ಕೈ ಬಿಟ್ಟಳು.